ಅಮೈಲಾಯ್ಡ್ ಸ್ಕ್ಯಾನ್: ವರದಿಯಲ್ಲಿ ಬರೀ ‘ಪಾಸಿಟಿವ್’ ಸಾಲದು

ಮಾನ್ಯ ಸಂಪಾದಕರೇ,

ಮರೆವಿನ ಕಾಯಿಲೆಗೆ ಹೊಸ ಔಷಧ ಬಂದಿರುವ ಸುದ್ದಿ ಹಬ್ಬಿದ ಮೇಲೆ ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲೂ ಮಿದುಳಿನಲ್ಲಿ ಕೂಡಿಕೊಳ್ಳುವ ಅಮೈಲಾಯ್ಡ್ ಎಂಬ ಪ್ರೋಟೀನನ್ನು ತೋರಿಸುವ ಪೆಟ್ ಸ್ಕ್ಯಾನಿನ ಮಾತು ಶುರುವಾಗಿದೆ. ‘ಅರವತ್ತಕ್ಕೆ ಅರಳುಮರಳು’ ಎಂದು ಕೈಚೆಲ್ಲುವುದು ತಪ್ಪುತ್ತಿದೆ, ಒಳ್ಳೆಯದೇ. ಆದರೆ ಎರಡು ಕಡೆಯ ವರದಿ ಪಕ್ಕಪಕ್ಕ ಇಟ್ಟು ‘ಹೋದ ವರ್ಷ 1.20, ಈಗ 1.10, ಇಳಿದಿದೆ’ ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು ಲೆಕ್ಕ.

ಆ ಸಂಖ್ಯೆಯ ಹೆಸರು ಎಸ್‌ಯುವಿಆರ್. ಅಮೈಲಾಯ್ಡ್‌ಗೆ ಅಂಟುವ ಟ್ರೇಸರ್ (ಚುಚ್ಚಿ ಕೊಡುವ ವಿಕಿರಣಶೀಲ ಮದ್ದು) ಮಿದುಳಿನ ಹೊರಪದರದಲ್ಲಿ ಎಷ್ಟಿದೆಯೋ ಅದನ್ನು ಸೆರೆಬೆಲಮ್‌ನಲ್ಲಿ (ಕಿರುಮಿದುಳಿನಲ್ಲಿ) ಇರುವುದರಿಂದ ಭಾಗಿಸಿದರೆ ಬರುವ ಅನುಪಾತ ಅದು. ಸೆರೆಬೆಲಮ್ ಇಲ್ಲಿ ತೂಕದ ಕಲ್ಲು. ಕಲ್ಲು ಸವೆದಿದ್ದರೆ ಅಡಿಕೆ ಹೆಚ್ಚು ತೂಗುತ್ತದೆ. ಸೆರೆಬೆಲಮ್‌ನ ಅಳತೆ ಶೇ 5ರಷ್ಟು ಕಡಿಮೆ ಬಂದರೆ 1.10 ಇದ್ದದ್ದು 1.16 ಆಗುತ್ತದೆ. ಫ್ಲೋರ್ಬೆಟಾಪಿರ್ ಎಂಬ ಟ್ರೇಸರಿನ ಪ್ರಕಟಿತ ಸಮೀಕರಣದಲ್ಲಿ ಇದು 24 ಸೆಂಟಿಲಾಯ್ಡ್‌ನಿಂದ (ಎಲ್ಲ ಟ್ರೇಸರ್‌ಗಳಿಗೂ ಒಂದೇ ಆದ ಮಾಪನ) 35ಕ್ಕೆ ಜಿಗಿದಂತೆ. ಮಿದುಳಿನಲ್ಲಿ ಏನೂ ಬದಲಾಗಿರುವುದಿಲ್ಲ.

ಈ ಕಲ್ಲು ಸವೆಯುವುದು ಹೆಚ್ಚಾಗಿ ಮಲಗಿಸುವಾಗ. ಬೆನ್ನು ಗೂನಾದ ಹಿರಿಯರನ್ನು ಚಪ್ಪಟೆ ಮೇಜಿನ ಮೇಲೆ ಮಲಗಿಸಿದರೆ ಗಲ್ಲ ಮೇಲೇಳುತ್ತದೆ, ಸೆರೆಬೆಲಮ್ ಯಂತ್ರದ ನೋಟದ ಅಂಚಿಗೆ ಜಾರುತ್ತದೆ. ಅಂಚಿನಲ್ಲಿ ಯಂತ್ರಕ್ಕೆ ಸಿಗುವ ಕಿರಣಗಳ ಎಣಿಕೆಯೇ ಕಡಿಮೆ, ಅಳತೆಯ ಏರುಪೇರು ಜಾಸ್ತಿ. ಮಂಡಿಯಡಿ ದಿಂಬು, ಕತ್ತಿನಡಿ ಮಡಿಸಿದ ಬಟ್ಟೆ, ಹಣೆಗೆ ಪಟ್ಟಿ ಕಟ್ಟಿ, ಸೆರೆಬೆಲಮ್ ಪೂರ್ತಿ ಒಳಗಿದೆಯೇ ಎಂದು ಮೊದಲ ಚಿತ್ರದಲ್ಲೇ ನೋಡಿಕೊಳ್ಳಬೇಕು. ಪೆಟ್‌ನ ಲೆಕ್ಕ ಸರಿಪಡಿಸಲು ತೆಗೆಯುವ ಸಿ.ಟಿ. ಆದ ಮೇಲೆ ತಲೆ ಅರ್ಧ ಸೆಂಟಿಮೀಟರ್ ಹೊರಳಿದರೂ ಕೆಡುತ್ತದೆ: ಎರಡೂ ಚಿತ್ರ ಒಂದಕ್ಕೊಂದು ಹೊಂದದೆ ಹೊರಪದರ ಒಂದು ಬದಿಯಲ್ಲಿ ಹೆಚ್ಚು, ಎದುರು ಬದಿಯಲ್ಲಿ ಕಡಿಮೆ ತೋರಬಹುದು. ಅದಕ್ಕೇ 20 ನಿಮಿಷದ ಸ್ಕ್ಯಾನನ್ನು ಒಂದೇ ಉಸಿರಿಗೆ ತೆಗೆಯದೆ ಐದೈದು ನಿಮಿಷದ ನಾಲ್ಕು ತುಂಡು ಮಾಡುವುದು. ಅಲುಗಿದ ತುಂಡನ್ನು ಸರಿಹೊಂದಿಸಬಹುದು, ಇಲ್ಲವೇ ಬಿಡಬಹುದು.

ಟ್ರೇಸರಿನ ಡೋಸ್ ಹತ್ತಿಪ್ಪತ್ತು ಮೆಗಾಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ) ಆಚೀಚೆಯಾದರೆ ಅನುಪಾತ ಕೆಡುವುದಿಲ್ಲ, ಮೇಲೂ ಕೆಳಗೂ ಒಂದೇ ಡೋಸ್ ತಾನೆ. ಆದರೆ ಸಮಯ ತಪ್ಪಿದರೆ ಕೆಡುತ್ತದೆ. ಫ್ಲೋರ್ಬೆಟಾಪಿರ್ ಸುಮಾರು 370 ಮೆಗಾಬೆಕ್ವೆರೆಲ್ ಕೊಟ್ಟು ಸಾಮಾನ್ಯವಾಗಿ 50ನೇ ನಿಮಿಷಕ್ಕೆ ಸ್ಕ್ಯಾನ್ ಶುರು. ಫ್ಲೋರ್ಬೆಟಾಬೆನ್ ಎಂಬ ಇನ್ನೊಂದು ಟ್ರೇಸರ್ 300 ಕೊಟ್ಟು 90ನೇ ನಿಮಿಷಕ್ಕೆ. ಟ್ರೇಸರ್ ಬದಲಾದರೆ ಸಂಖ್ಯೆಯ ಅರ್ಥವೂ ಬೇರೆ. ಅದೇ 1.10 ಫ್ಲೋರ್ಬೆಟಾಬೆನ್‌ನಲ್ಲಿ ಸುಮಾರು 14 ಸೆಂಟಿಲಾಯ್ಡ್ ಮಾತ್ರ. ಈ ಗೊಂದಲಕ್ಕೆಂದೇ 2015ರಲ್ಲಿ ಸೆಂಟಿಲಾಯ್ಡ್ ಮಾಪನ ಬಂತು: ಆರೋಗ್ಯವಂತ ಯುವಜನರ ಸರಾಸರಿ 0, ಅಲ್ಝೈಮರ್ ರೋಗಿಗಳ ಸರಾಸರಿ 100. ಅದರಲ್ಲೂ ನಾಲ್ಕೈದು ಅಂಕದ ಏರಿಳಿತವನ್ನು ಬದಲಾವಣೆ ಎಂದು ಓದಬಾರದು.

ಶಿವಮೊಗ್ಗಕ್ಕೇ ಟ್ರೇಸರ್ ತರಿಸಬಾರದೇ ಎಂದು ಕೇಳುವವರಿದ್ದಾರೆ. ಇದರಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಬೆಂಗಳೂರಿನಿಂದ 300 ಕಿ.ಮೀ. ರಸ್ತೆಯಲ್ಲಿ ಆರು ಗಂಟೆ ಕಳೆದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ಸದ್ಯಕ್ಕೆ ರೋಗಿಯೇ ಹೋಗಬೇಕು. ರೋಗಿಯನ್ನು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಡಿಸಿ ಬೆಳಿಗ್ಗೆ ನೇರ ಮೇಜಿಗೆ ಏರಿಸಬೇಡಿ, ಹಿಂದಿನ ದಿನವೇ ತಲುಪಿ. ಸಕ್ಕರೆಯಂಥ ಟ್ರೇಸರ್ ಬಳಸುವ ಪೆಟ್ ಸ್ಕ್ಯಾನ್‌ನಂತೆ ಇದಕ್ಕೆ ಉಪವಾಸ ಬೇಕಿಲ್ಲ, ತಿಂಡಿ ಕೊಡಿ. ಮಲಗಿಸುವ ಮುನ್ನ ಮೂತ್ರಕ್ಕೆ ಕಳಿಸಿ.

ಪಾಸಿಟಿವ್ ಬಂದ ಮಾತ್ರಕ್ಕೆ ಮರೆವಿನ ಕಾಯಿಲೆ ಅಂತಲ್ಲ. ನೆನಪು ಚೆನ್ನಾಗಿರುವವರಲ್ಲೂ 50ರ ವಯಸ್ಸಿಗೆ ಸುಮಾರು ಶೇ 10, 90ಕ್ಕೆ ಶೇ 44 ಮಂದಿಯಲ್ಲಿ ಅಮೈಲಾಯ್ಡ್ ಇರುತ್ತದೆ. ತೊಂದರೆಯಿಲ್ಲದವರಿಗೆ ಸುಮ್ಮನೆ ಮಾಡಿಸುವ ಪರೀಕ್ಷೆ ಇದಲ್ಲ. ಮರೆವು ಇದ್ದವರಿಗೂ ಮೊದಲು ಬಿ12, ಥೈರಾಯ್ಡ್ ನೋಡಿಸಿ. ಅದು ನಮ್ಮ ಊರಲ್ಲೇ ಆಗುತ್ತದೆ.

ಇಷ್ಟೆಲ್ಲ ಆದ ಮೇಲೂ ಸ್ಕ್ಯಾನ್ ಬೇಕೆಂದಾದರೆ ವರದಿಯಲ್ಲಿ ಟ್ರೇಸರಿನ ಹೆಸರು, ಚುಚ್ಚಿದ ಸಮಯ, ಸ್ಕ್ಯಾನ್ ಶುರುವಾದ ಸಮಯ, ಯಾವ ಭಾಗದಿಂದ ಭಾಗಿಸಿದ್ದು, ಸೆಂಟಿಲಾಯ್ಡ್ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಜೊತೆಗೆ ಚಿತ್ರಗಳ ಮೂಲ ಡೈಕಾಮ್ ಫೈಲುಗಳಿರುವ ಸಿ.ಡಿ. ಕೇಳಿ ತನ್ನಿ. ಮುಂದಿನ ವರ್ಷ ಬೇರೆ ಕಡೆ ಸ್ಕ್ಯಾನ್ ಆದರೆ ಎರಡನ್ನೂ ಒಂದೇ ಲೆಕ್ಕಕ್ಕೆ ತರಲು ಆ ಫೈಲುಗಳೇ ಬೇಕು, ಮುದ್ರಿಸಿ ಕೊಟ್ಟ ಹಾಳೆಯಿಂದ ಆಗುವುದಿಲ್ಲ.

– ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞರಿಬ್ಬರು, ಶಿವಮೊಗ್ಗ