ಲೆಕ್ಕ ತಾಳೆ ಹಾಕಲು ಕಲಿಸಿದವರಿಗೆ

ಕಳೆದ ಶುಕ್ರವಾರ ಸಂಜೆ ಬೆಂಗಳೂರಿನ ಬ್ಯಾಂಕ್ ಕಚೇರಿಯೊಂದರ ಬಾಗಿಲಲ್ಲಿ ಗುರುತಿನ ಚೀಟಿ ಮರಳಿಸಿ, ಲಾಕರಿನಿಂದ ಮೊಬೈಲ್ ತೆಗೆದುಕೊಂಡು ಹೊರಬಂದೆ. ಎಂಟು ವಾರಗಳ ಬೇಸಿಗೆ ಇಂಟರ್ನ್‌ಶಿಪ್ ಅಲ್ಲಿಗೆ ಮುಗಿಯಿತು. ರಾತ್ರಿ ಬಸ್ಸಿನಲ್ಲಿ ಕುಂದಾಪುರಕ್ಕೆ ಬರುವಾಗ ನಿದ್ದೆ ಬರಲಿಲ್ಲ. ಯಾರಿಗೆಲ್ಲ ಸರಿಯಾಗಿ ಹೇಳದೆ ಬಂದೆನೆಂದು ಎಣಿಸುತ್ತಾ ಕುಳಿತಿದ್ದೆ. ಅದಕ್ಕಾಗಿ ಈ ಬರಹ. ಕಚೇರಿಯವರ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ. ಓದಿದರೆ ತಮ್ಮನ್ನೇ ಕುರಿತದ್ದೆಂದು ಅವರಿಗೆ ತಿಳಿಯುತ್ತದೆ.

ಬ್ಯಾಂಕಿನ ತಂತ್ರಜ್ಞಾನ ವಿಭಾಗಕ್ಕೆ ಆಯ್ಕೆಯಾದಾಗ ಮೊಬೈಲ್ ಆ್ಯಪ್ ಮಾಡುವ ತಂಡ ಸಿಗಲಿ ಎಂದು ಆಸೆಪಟ್ಟಿದ್ದೆ. ಸಿಕ್ಕಿದ್ದು ಲೆಕ್ಕ ತಾಳೆ ನೋಡುವ ತಂಡ. ಮೊದಲ ದಿನ ಮನಸ್ಸು ಕುಗ್ಗಿತ್ತು. ನಮ್ಮ ತಂಡದ ಮೇಡಂ ಅದನ್ನು ಗಮನಿಸಿದರೋ ಏನೋ, ತಮ್ಮ ಕೆಲಸ ಬದಿಗಿಟ್ಟು ಒಂದು ಇಡೀ ಮಧ್ಯಾಹ್ನ ಬಿಳಿ ಹಲಗೆಯ ಮುಂದೆ ನಿಂತು ವಿವರಿಸಿದರು. ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹಣ ಕಣ್ಣು ಮಿಟುಕಿಸುವಷ್ಟರಲ್ಲಿ ಹೋದಂತೆ ಕಾಣುತ್ತದೆ. ಆದರೆ ಆ ಒಂದು ಪಾವತಿ ಹಲವು ಕಡೆ ದಾಖಲಾಗುತ್ತದೆ: ಬ್ಯಾಂಕಿನ ಮುಖ್ಯ ಖಾತೆ ಪುಸ್ತಕದಲ್ಲಿ, ಸಂದೇಶಗಳನ್ನು ಅತ್ತಿತ್ತ ಸಾಗಿಸುವ ಸ್ವಿಚ್‌ನಲ್ಲಿ, ಯುಪಿಐ ವ್ಯವಸ್ಥೆಯನ್ನು ನಡೆಸುವ ಸಂಸ್ಥೆ ಎನ್‌ಪಿಸಿಐ ಕಳುಹಿಸುವ ಕಡತದಲ್ಲಿ. ಮೂರೂ ಒಂದೇ ಮಾತು ಹೇಳಬೇಕು. ಒಂದು ಕಡೆ ಹಣ ಕಡಿತವಾಗಿ, ಇನ್ನೊಂದು ಬ್ಯಾಂಕಿನ ಉತ್ತರ ಬರುವುದು ತಡವಾಗಿ, ಪಾವತಿ ಆಯಿತೋ ಇಲ್ಲವೋ ಎಂಬುದೇ ತಿಳಿಯದೆ ನಡುವೆ ನಿಂತ ಸಾಲುಗಳನ್ನು ಹುಡುಕಿ ತೆಗೆಯುವುದು ನಮ್ಮ ಕೆಲಸ.

ಅದನ್ನು ಕೇಳುವಾಗ ಮೂರು ವರ್ಷಗಳ ಹಿಂದಿನದೊಂದು ಸಂಗತಿ ನೆನಪಾಯಿತು. ನಮ್ಮದು ಸಣ್ಣ ದಿನಸಿ ಅಂಗಡಿ. ಎಣ್ಣೆ ತಂದುಕೊಡುವವರಿಗೆ ಅಮ್ಮ ಮೊಬೈಲಿನಿಂದ 1,200 ರೂಪಾಯಿ ಕಳುಹಿಸಿದ್ದಳು. ಖಾತೆಯಿಂದ ಹಣ ಹೋಯಿತು, ಅವರಿಗೆ ತಲುಪಲಿಲ್ಲ. ಆ ರಾತ್ರಿ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಸಂಜೆ ಹಣ ಮರಳಿ ಬಂತು. ತಾನಾಗಿಯೇ ಬಂತಲ್ಲ ಎಂದು ಅಮ್ಮ ದೇವರಿಗೆ ಹೂವಿಟ್ಟಳು. ತಾನಾಗಿ ಬಂದದ್ದಲ್ಲ ಎಂದು ನನಗೆ ತಿಳಿದದ್ದು ಈ ಬೇಸಿಗೆಯಲ್ಲಿ. ಒಬ್ಬರ ಖಾತೆಯಿಂದ ಇನ್ನೊಬ್ಬರಿಗೆ ಹೋಗಬೇಕಿದ್ದ ಯುಪಿಐ ಹಣ ಹೀಗೆ ನಡುವೆ ಸಿಲುಕಿದರೆ ಮರುದಿನದೊಳಗೆ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕರು ದೂರು ಕೊಡುವವರೆಗೆ ಕಾಯದೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿಯೇ ಸುತ್ತೋಲೆ ಹೊರಡಿಸಿದೆ. ಆ ನಿಯಮ ಕಾಗದದಲ್ಲಿ ಉಳಿಯದಂತೆ ನೋಡಿಕೊಳ್ಳುವವರು ಇಂಥ ಕೋಣೆಗಳಲ್ಲಿ ಕುಳಿತಿರುತ್ತಾರೆ. ಅಂದು ನಮ್ಮ 1,200 ರೂಪಾಯಿಯ ಸಾಲನ್ನು ಹುಡುಕಿ ತೆಗೆದವರು ಯಾರು, ಯಾವ ಊರಿನವರು ಎಂದು ನನಗೆ ತಿಳಿಯುವುದಿಲ್ಲ. ನನ್ನ ಮೊದಲ ಕೃತಜ್ಞತೆ ಅವರಿಗೆ.

ಎರಡನೆಯ ವಾರ ನಾನು ಬರೆದ ಪ್ರೋಗ್ರಾಂ ಪರೀಕ್ಷೆಯ ಕಡತದಲ್ಲಿದ್ದ ನೂರಾರು ಸಾಲುಗಳನ್ನು ತಾಳೆಯಾಗುತ್ತಿಲ್ಲ ಎಂದು ಹೊರಗೆಸೆಯಿತು. ಎರಡು ದಿನ ಕಾರಣ ಹುಡುಕಿದೆ. ಅಲ್ಲಿ ಮೊಬೈಲ್ ಒಳಗೆ ಒಯ್ಯುವಂತಿಲ್ಲ, ಅಂತರ್ಜಾಲವೂ ಬಹುಮಟ್ಟಿಗೆ ಬಂದ್. ಯಾವ ತೊಡಕು ಬಂದರೂ ಜಾಲದಲ್ಲಿ ಹುಡುಕಿ ಅಂಟಿಸಿಕೊಂಡು ಅಭ್ಯಾಸವಾಗಿದ್ದ ನನಗೆ ಕೈ ಕಟ್ಟಿದಂತಾಗಿತ್ತು. ಕೊನೆಗೆ ಧೈರ್ಯ ಮಾಡಿ ಮೇಡಂ ಬಳಿ ಹೋದೆ. ಅವರು ಉತ್ತರ ಹೇಳಲಿಲ್ಲ. ಎರಡೂ ಕಡತಗಳಿಂದ ಒಂದೊಂದು ಸಾಲನ್ನು ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. "ಮೊದಲಿನ ಸೊನ್ನೆ ಎಲ್ಲಿ ಹೋಯಿತು?" ಎಂದರು. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಗಳನ್ನು ನಾನು ಬರೇ ಅಂಕಿಗಳೆಂದು ಓದಿಸಿದ್ದೆ. ಕಂಪ್ಯೂಟರ್ ಎಡಗಡೆಯ ಸೊನ್ನೆಗಳನ್ನೆಲ್ಲ ಉದುರಿಸಿತ್ತು. "ಖಾತೆ ಸಂಖ್ಯೆಯನ್ನು ಯಾರೂ ಕೂಡಿ ಕಳೆಯುವುದಿಲ್ಲವಲ್ಲ, ಅದು ಒಬ್ಬ ಮನುಷ್ಯನ ಹೆಸರಿದ್ದಂತೆ. ಅಕ್ಷರವೆಂದು ಓದಿಸು" ಎಂದರು. ನಮಗೆ ಕೊಟ್ಟ ಕಡತಗಳಲ್ಲಿ ಗ್ರಾಹಕರ ನಿಜವಾದ ಹೆಸರು, ಸಂಖ್ಯೆ ಯಾವುದೂ ಇರುವುದಿಲ್ಲ, ಎಲ್ಲವನ್ನೂ ಬದಲಿಸಿರುತ್ತಾರೆ. ಆದರೂ ಆ ಮಾತಿನ ನಂತರ ಯಾವ ಸಾಲನ್ನೂ ಬರೀ ಸಾಲಾಗಿ ನೋಡಲು ನನಗೆ ಆಗಲಿಲ್ಲ. ಮೇಡಂ, ಆ ಎರಡು ದಿನ ನನ್ನನ್ನು ಅವಸರಪಡಿಸದೆ ಬಿಟ್ಟದ್ದಕ್ಕೂ ನಿಮಗೆ ನಾನು ಋಣಿ.

ಇನ್ನು ನಮ್ಮ ಹಿರಿಯ ಸರ್. ಸೆಪ್ಟೆಂಬರ್‌ನಲ್ಲಿ ನಿವೃತ್ತರಾಗುವವರು. ಕರಾವಳಿಯ ಶಾಖೆಯೊಂದರಲ್ಲಿ ಗುಮಾಸ್ತರಾಗಿ ಸೇರಿ, ದಪ್ಪ ಲೆಡ್ಜರ್‌ಗಳನ್ನು ಹೊತ್ತು, ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು ಇಲ್ಲಿಯವರೆಗೆ ಬಂದವರು. ನಾನು ಕುಂದಾಪುರದ ಕಡೆಯವಳು ಎಂದು ತಿಳಿದ ದಿನವೇ ಚಹಾಕ್ಕೆ ಕರೆದರು. ಮಾತು ಪಿಗ್ಮಿಯ ಕಡೆ ತಿರುಗಿತು. ನಮ್ಮ ಅಜ್ಜನ ಕಾಲದಲ್ಲಿ ದಿನವೂ ಸಂಜೆ ಅಂಗಡಿಗೆ ಪಿಗ್ಮಿಯವರು ಬರುತ್ತಿದ್ದರು, ಅಜ್ಜ ಐದು ರೂಪಾಯಿ ಕೊಟ್ಟು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಿದ್ದರು ಎಂದು ಹೇಳಿದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆ ಪದ್ಧತಿ ಶುರು ಮಾಡಿದಾಗ ಮನೆಮನೆಗೆ ಹೋಗಿ ಎರಡಾಣೆ ಕೂಡ ಸಂಗ್ರಹಿಸುತ್ತಿದ್ದರು ಎಂದು ಸರ್ ಹೇಳಿದರು. ಎರಡಾಣೆಗೂ ಒಂದು ದಾಖಲೆ, ಒಂದು ಸಹಿ. ಎಷ್ಟು ಮೊತ್ತ ಎಂಬುದಕ್ಕಿಂತ ಬರೆದದ್ದು ಸರಿಯಿದೆಯೇ ಎಂಬುದರ ಮೇಲೆ ನಂಬಿಕೆ ನಿಂತಿತ್ತು ಎಂದು ಅವರು ಹೇಳುವಾಗ ನನ್ನ ಕಣ್ಣಿಗೆ ಅಜ್ಜನ ನೀಲಿ ಪುಸ್ತಕ ಬಂತು.

ಜೂನ್ 30ರ ರಾತ್ರಿಯನ್ನು ನಾನು ಮರೆಯಲಾರೆ. ತ್ರೈಮಾಸಿಕದ ಕೊನೆಯ ದಿನದ ಲೆಕ್ಕ ಮುಗಿಸುವ ಕೆಲಸವನ್ನು ನೋಡಲು ನನಗೂ ಅನುಮತಿ ಸಿಕ್ಕಿತ್ತು. ದೊಡ್ಡ ಪರದೆಯ ಮೇಲೆ ಕೆಲಸಗಳು ಒಂದೊಂದಾಗಿ ಹಸಿರಾಗುತ್ತಿದ್ದವು. ಉಳಿತಾಯ ಖಾತೆಯ ಬಡ್ಡಿಯನ್ನು ಈಗ ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. 2010ರ ಏಪ್ರಿಲ್‌ಗೆ ಮೊದಲು ತಿಂಗಳ ಹತ್ತನೆಯ ತಾರೀಕಿನಿಂದ ಕೊನೆಯ ದಿನದ ನಡುವೆ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ ಸಿಗುತ್ತಿತ್ತಂತೆ. ಸರ್ ಅದನ್ನೆಲ್ಲ ಕೈಯಲ್ಲಿ ಮಾಡಿದವರು. ಅಂದು ನಾನು ಪಕ್ಕದ ಕಂಪ್ಯೂಟರಿನಲ್ಲಿ ನನ್ನ ಪರೀಕ್ಷೆಯ ಕಡತವನ್ನೇ ಇಟ್ಟುಕೊಂಡು ಒದ್ದಾಡುತ್ತಿದ್ದೆ. ಒಟ್ಟು ಮೊತ್ತದಲ್ಲಿ 270 ರೂಪಾಯಿ ವ್ಯತ್ಯಾಸ. ಸರ್ ಹಿಂದಿನಿಂದ ಬಂದು ಪರದೆ ನೋಡಿದರು. "ಒಂಬತ್ತರಿಂದ ಭಾಗವಾಗುತ್ತದೆ ನೋಡಮ್ಮ. ಎಲ್ಲಿಯೋ ಎರಡು ಅಂಕಿ ಅದಲುಬದಲಾಗಿದೆ. ಕೈಯಿಂದ ಟೈಪ್ ಮಾಡಿದ ಸಾಲುಗಳನ್ನು ಮಾತ್ರ ನೋಡು" ಎಂದರು. ಹತ್ತು ನಿಮಿಷದಲ್ಲಿ ಸಿಕ್ಕಿತು. 360 ಇರಬೇಕಾದಲ್ಲಿ 630 ಎಂದಿತ್ತು.

ಪಕ್ಕಪಕ್ಕದ ಎರಡು ಅಂಕಿಗಳು ತಿರುಗಿಬಿದ್ದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಡಿಯಲ್ಲಿಯೇ ಇರುತ್ತದೆ. ನಾಲ್ಕು ಸೆಮಿಸ್ಟರ್ ಗಣಿತ ಓದಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ದಿನದ ಲೆಕ್ಕ ಸರಿಹೊಂದುವವರೆಗೆ ಮನೆಗೆ ಹೋಗಲಾಗದ ಕಾಲದಲ್ಲಿ ಗುಮಾಸ್ತರು ಒಬ್ಬರಿಂದೊಬ್ಬರು ಕಲಿತ ಉಪಾಯವಂತೆ ಅದು. ಮರುದಿನ ಮೇಡಂ ಅನುಮತಿ ಪಡೆದು ನನ್ನ ಪ್ರೋಗ್ರಾಮಿನಲ್ಲಿ ಆ ಪರಿಶೀಲನೆಯನ್ನು ಸೇರಿಸಿದೆ: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಕೈಯಿಂದ ಟೈಪ್ ಮಾಡಿದ ನಮೂದುಗಳನ್ನು ಮೊದಲು ತೋರಿಸಬೇಕು. ಎಂಟು ವಾರದಲ್ಲಿ ನಾನು ಬರೆದದ್ದರಲ್ಲೆಲ್ಲ ಆ ಕೆಲವು ಸಾಲುಗಳೇ ನನಗೆ ಹೆಚ್ಚು ಪ್ರಿಯ. ಅವು ನನ್ನವಲ್ಲ, ಸರ್ ಅವರವು. ಹಾಗೆಂದು ವಿವರಣೆಯಲ್ಲಿ ಬರೆದಿಟ್ಟೇ ಬಂದಿದ್ದೇನೆ.

ಆ ರಾತ್ರಿ ಎರಡು ಗಂಟೆಗೆ ಕಚೇರಿಯ ವಾಹನದಲ್ಲಿ ಮರಳಿದಾಗ ಊಟ ಮುಚ್ಚಿಟ್ಟು ಎಚ್ಚರವಾಗಿಯೇ ಕಾದಿದ್ದ ಪಿಜಿಯ ಅಡುಗೆಯ ಅಕ್ಕನಿಗೆ, ಮೊದಲ ವಾರ ಪ್ರತಿದಿನ ಬೇರೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ ನನಗೆ ದಾರಿ ತೋರಿಸಿದ ಕಾವಲಿನ ಅಣ್ಣನಿಗೆ, ನನ್ನ ಕೊನೆಯ ಪ್ರಾತ್ಯಕ್ಷಿಕೆಯನ್ನು ನಾಲ್ಕು ಬಾರಿ ಕೇಳಿಸಿಕೊಂಡ ಕೋಣೆಯ ಗೆಳತಿಗೆ, ಶಿಫಾರಸು ಪತ್ರಕ್ಕೆ ಭಾನುವಾರವೂ ಬಂದು ಸಹಿ ಹಾಕಿದ ಕಾಲೇಜಿನ ಮೇಷ್ಟ್ರಿಗೆ ನನ್ನ ನಮಸ್ಕಾರಗಳು.

ಅಮ್ಮನಿಗೆ ಎದುರಿಗೆ ಧನ್ಯವಾದ ಹೇಳಿದರೆ ಅವಳಿಗೆ ಮುಜುಗರ. ಎರಡು ತಿಂಗಳು ಒಬ್ಬಳೇ ಅಂಗಡಿ ನೋಡಿಕೊಂಡು, ಮಳೆ ಸೋರುವ ಹೆಂಚನ್ನೂ ತಾನೇ ಆಳು ಹಿಡಿದು ಸರಿಮಾಡಿಸಿ, ಫೋನಿನಲ್ಲಿ ಒಂದು ಮಾತೂ ಹೇಳದೆ ಇದ್ದವಳು. ಬಂದ ಮರುದಿನ ಬೆಳಿಗ್ಗೆ ಉದ್ರಿ ಪುಸ್ತಕ ತಂದು ಮುಂದಿಟ್ಟಳು, "ಬ್ಯಾಂಕಿನ ಲೆಕ್ಕ ನೋಡಿ ಬಂದವಳಲ್ಲ, ಇದನ್ನೊಮ್ಮೆ ನೋಡು" ಎಂದು. ನೋಡುತ್ತಿದ್ದೇನೆ. 115 ರೂಪಾಯಿ ಇನ್ನೂ ತಾಳೆಯಾಗಿಲ್ಲ. ಒಂಬತ್ತರಿಂದ ಭಾಗವಾಗುವುದಿಲ್ಲ. ಇಂದು ಅಂಗಡಿ ಮುಚ್ಚಿದ ಮೇಲೆ ಅಮ್ಮ, ನಾನು ಇಬ್ಬರೂ ಕುಳಿತು ಮೊದಲ ಪುಟದಿಂದ ಓದುತ್ತೇವೆ.