ಅಂಬಾಸಿಡರ್ ಟ್ಯೂನಿಂಗ್: ಕಾರ್ಬುರೇಟರ್ ಕೊನೆಗಿರಲಿ

ಮಾನ್ಯರೇ,

ನಂದಿಬೆಟ್ಟದ ತಿರುವುಗಳಲ್ಲಿ ಹಳೆಯ ಅಂಬಾಸಿಡರ್‌ಗಳು ಏದುಸಿರು ಬಿಡುವುದಕ್ಕೆ ವಯಸ್ಸಿಗಿಂತ ತಲೆಕೆಳಗಾದ ಟ್ಯೂನಿಂಗ್ ಕಾರಣ. ಪಿಕಪ್ ಇಲ್ಲವೆಂದರೆ ಗ್ಯಾರೇಜಿನವರು ಮೊದಲು ಕೈಹಾಕುವುದು ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ಗೆ. ಅದು ಕೊನೆಗೆ ಮುಟ್ಟಬೇಕಾದ್ದು.

1489 ಸಿಸಿ ಪೆಟ್ರೋಲ್ ಎಂಜಿನ್‌ಗೆ ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು. ಅದರಲ್ಲಿ 15 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ) ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ತಗಡು, ತುಸು ಹಿಡಿದು ಜಾರಬೇಕು. ರೇಡಿಯೇಟರ್ ಕಡೆಯಿಂದ ಎಣಿಸಿ, ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು, ಏಳನೆಯದು ತೆರೆದಾಗ ಎರಡನೆಯದನ್ನು ಸರಿಮಾಡಿ; ಎರಡರ ಸಂಖ್ಯೆ ಕೂಡಿದರೆ ಸದಾ ಒಂಬತ್ತು. ಟಕಟಕ ಸದ್ದು ಅಡಗಲೆಂದು ಬಿಗಿ ಮಾಡಿದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದಿದ್ದರೇ ಕ್ಷೇಮ.

ಆಮೇಲೆ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್, ಅಂದರೆ ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚು. ಅದರ ಗ್ಯಾಪ್ ಪೂರ್ತಿ ತೆರೆದಾಗ 14ರಿಂದ 16 ಥೌ. ಪ್ಲಗ್‌ಗೆ 25 ಥೌ. ಪಾಯಿಂಟ್ ಗ್ಯಾಪ್ ಹೆಚ್ಚಿದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಮುಂದಾಗುತ್ತದೆ, ಕುಗ್ಗಿದರೆ ಹಿಂದಾಗುತ್ತದೆ; ಹಾಗಾಗಿ ಗ್ಯಾಪ್ ಸರಿಮಾಡದೆ ಟೈಮಿಂಗ್ ಹಿಡಿಯುವುದು ದಂಡ. ಏರಿನಲ್ಲಿ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಟಕಟ ಬಡಿದರೆ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ರಿಟಾರ್ಡ್ ಮಾಡಿ, ಅಂದರೆ ಕಿಡಿ ತುಸು ತಡವಾಗುವಂತೆ ತಿರುಗಿಸಿ.

ಕೊನೆಗೆ, ಸೋಲೆಕ್ಸ್ ಕಂಪನಿಯ ಕಾರ್ಬುರೇಟರ್‌ನ ಮಿಕ್ಸ್‌ಚರ್ ಸ್ಕ್ರೂ ಎಂಜಿನ್ ಬಿಸಿಯಾದ ಮೇಲಷ್ಟೇ, ಕಾಲು ಸುತ್ತಿನಂತೆ ತಿರುಗಿಸಿ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ನಯವಾದಲ್ಲಿ ನಿಲ್ಲಿಸಿ. ಇನ್ನು, ಈಗಿನ ಶೇ 20 ಎಥನಾಲ್ ಪೆಟ್ರೋಲ್‌ಗೆ ಹಳೆಯ ರಬ್ಬರ್ ಪೈಪ್, ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ತಾಳುವುದಿಲ್ಲ. ಎಥನಾಲ್ ತಡೆಯುವಂಥವನ್ನೇ ಕೇಳಿ ಹಾಕಿಸಿ.

– ಓದುಗ, ಚಿಕ್ಕಬಳ್ಳಾಪುರ