ಮಗಳಿಗೊಂದು ಪತ್ರ: ಆ 14ನೇ ಹೋಲಿನ ಬಗ್ಗೆ

ತಂಗೀ,

ಬಾಲ್ ಇಡುವ ಟೀ ಹುಡುಕಲು ಗಾಲ್ಫ್ ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದಾಗ ಈ ಕಾಗದ ಸಿಕ್ಕಿರಬೇಕು. ಶಿರವಾಡ ಸ್ಟೇಷನ್ನಿಗೆ ನಾನು ಬರುವುದು ಬೇಡ, ಆಯಿ ಒಬ್ಬಳೇ ಸಾಕು ಅಂದೆಯಲ್ಲ, ಆಗಲಿ. ರಾತ್ರಿ ಊಟಕ್ಕೆ ಕೂತಾಗ ಆದ ಮಾತು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಬರೆಯಬೇಕಾದದ್ದು ಒಂದೇ ಒಂದು ಏಟಿನ ಬಗ್ಗೆ.

14ನೇ ಹೋಲು. ಕೈಯಲ್ಲಿ 7 ಐರನ್ ಕ್ಲಬ್. ಕುಳಿ ಇರುವ ಗ್ರೀನಿಗೆ 118 ಗಜ, ಗಾಳಿಯೂ ಇರಲಿಲ್ಲ. ಬಾಲ್ ಮೇಲೇಳಲೇ ಇಲ್ಲ, ಹುಲ್ಲಿನ ಮೇಲೆ ಉರುಳಿಕೊಂಡು ಹೋಗಿ ಬಂಕರಿನ ಮರಳುಗುಂಡಿಗೆ ಬಿತ್ತು. ನಾನು ಹಗ್ಗದ ಆಚೆಯಿಂದ, “ತಲೆ ಎತ್ತಬೇಡ ಅಂತ ಎಷ್ಟು ಸಲ ಹೇಳಬೇಕು ನಿಂಗೆ?” ಅಂದೆ. ಜೊತೆಗೆ ಆಡುತ್ತಿದ್ದ ಹುಡುಗಿಯರಿಗೂ ಕೇಳಿಸಿತು. ನಾನೇನು ನಿನ್ನ ಬ್ಯಾಗ್ ಹೊರುವ ಕ್ಯಾಡಿ ಅಲ್ಲ, ಆಟದ ನಡುವೆ ಬಾಯಿ ಹಾಕುವಂತಿರಲಿಲ್ಲ. ಆಮೇಲಿನ ನಾಲ್ಕು ಹೋಲಿನಲ್ಲಿ ನೀನು ಕುತ್ತಿಗೆ ಬಿಗಿಹಿಡಿದು ಆಡಿದೆ. ಎರಡು ಏಟು ಫ್ಯಾಟ್, ಬಾಲಿಗಿಂತ ಮೊದಲು ನೆಲಕ್ಕೆ; ಒಂದು ಮತ್ತೆ ಟಾಪ್, ಬಾಲಿನ ನೆತ್ತಿಗೆ.

ಹೇಳಿದ ರೀತಿ ತಪ್ಪು, ಅದು ನಿನಗೆ ಗೊತ್ತಿರುವುದೇ. ಹೇಳಿದ ಮಾತೇ ತಪ್ಪು ಎಂಬುದನ್ನು ಮಾತ್ರ ನಾನು ಇನ್ನೂ ಒಪ್ಪಿಕೊಂಡಿಲ್ಲ. ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಟಾಪ್ ಆಗುವುದು ತಲೆ ಎತ್ತಿದ್ದಕ್ಕಲ್ಲ. ಬಾಲಿನ ವ್ಯಾಸ 42.67 ಮಿಲಿಮೀಟರ್. ಐರನ್ನಿನ ಕೆಳ ಅಂಚು ಅದರ ಅರ್ಧಕ್ಕಿಂತ, ಅಂದರೆ ಸುಮಾರು 21 ಮಿಲಿಮೀಟರಿಗಿಂತ ಮೇಲೆ ತಾಗಿದರೆ ಬಾಲ್ ಏಳುವುದಿಲ್ಲ. ಸ್ವಿಂಗ್ ಒಂದು ಕಮಾನು, ಅದಕ್ಕೊಂದು ತಳ ಇದೆ. ಐರನ್ನಿನಲ್ಲಿ ಆ ತಳ ಬಾಲಿನಿಂದ ಎರಡು ಮೂರು ಇಂಚು ಮುಂದೆ, ಗುರಿಯ ಕಡೆಗೆ ಇರಬೇಕು: ಮೊದಲು ಬಾಲ್, ಆಮೇಲೆ ನೆಲ. ಭಾರ ಬಲಗಾಲಿನ ಮೇಲೇ ಉಳಿದರೆ ತಳ ಬಾಲಿನ ಹಿಂದಕ್ಕೆ ಸರಿಯುತ್ತದೆ. ಆಗ ಕ್ಲಬ್ ಮೊದಲು ನೆಲಕ್ಕೆ ಬಡಿದರೆ ಫ್ಯಾಟ್. ನೆಲ ತಪ್ಪಿಸಿಕೊಂಡು ಮೇಲೇರುತ್ತಾ ಬಾಲಿನ ನಡುವಿಗೆ ತಾಗಿದರೆ ಥಿನ್, ಇನ್ನೂ ಮೇಲಾದರೆ ಟಾಪ್. ಒಂದು ದಿನ ಫ್ಯಾಟ್, ಒಂದು ದಿನ ಟಾಪ್ ಎಂದು ನೀನು ಅಳುತ್ತಿದ್ದೆಯಲ್ಲ, ಎರಡೂ ಒಂದೇ ಕಾಯಿಲೆ.

ಬಾಲನ್ನು ಎತ್ತಿ ಗಾಳಿಗೆ ಹಾಕಬೇಕು ಎಂಬ ಆಸೆಯೇ ಇದರ ಬೇರು. ಆ ಆಸೆಗೆ ಎದೆ ಏಳುತ್ತದೆ, ಸೊಂಟ ಬಾಲಿನತ್ತ ಮುನ್ನುಗ್ಗುತ್ತದೆ, ಎಡ ಮೊಣಕೈ ಮಡಚುತ್ತದೆ. ಇಷ್ಟೆಲ್ಲ ಎದ್ದ ಮೇಲೆ ತಲೆ ಏಳದೆ ಇರುತ್ತದೆಯೇ? ಹಿಂದೆ ನಿಂತ ನನಗೆ ಕಂಡದ್ದು ತಲೆ ಮಾತ್ರ, ಅದನ್ನೇ ಹಿಡಿದುಕೊಂಡೆ. ಎತ್ತುವ ಕೆಲಸಕ್ಕೆ ಕ್ಲಬ್ಬಿನ ಮುಖದ ಓರೆಯೇ ಸಾಕು. ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿದರೆ ಎದೆ ತಿರುಗುವುದಿಲ್ಲ, ಭಾರ ಎಡಗಾಲಿಗೆ ಹೋಗುವುದಿಲ್ಲ, ತಳ ಇನ್ನಷ್ಟು ಹಿಂದೆ ಸರಿಯುತ್ತದೆ. ಕೊನೆಯ ನಾಲ್ಕು ಹೋಲಿನಲ್ಲಿ ಆದದ್ದು ಇದೇ. ಆ ಫ್ಯಾಟ್‌ಗಳು ನಿನ್ನವಲ್ಲ, ನನ್ನವು. ಸ್ವೀಡನ್ನಿನ ಗಾಲ್ಫ್ ಆಟಗಾರ್ತಿ ಅನ್ನಿಕಾ ಸೊರೆನ್‌ಸ್ಟಾಮ್ ಏಟು ಬೀಳುವ ಹೊತ್ತಿಗೇ ಮುಖವನ್ನು ಗುರಿಯ ಕಡೆ ತಿರುಗಿಸಿಬಿಡುತ್ತಿದ್ದರು. ಮಹಿಳೆಯರ ವೃತ್ತಿಪರ ಟೂರ್ ಆದ ಎಲ್‌ಪಿಜಿಎಯಲ್ಲಿ ಅವರು ಗೆದ್ದದ್ದು 72 ಟೂರ್ನಿ. ಅವರಪ್ಪ ಹಗ್ಗದ ಆಚೆಯಿಂದ ನನ್ನ ಹಾಗೆ ಕೂಗಿದ್ದರೆ ಏನಾಗುತ್ತಿತ್ತೋ.

ಇನ್ನೊಂದು ತಪ್ಪು ನಮ್ಮ ಹಿತ್ತಲಿನದು. ಹಳೆ ಮೀನುಬಲೆಯನ್ನು ಎರಡು ಪದರ ಸಡಿಲವಾಗಿ ಇಳಿಬಿಟ್ಟು, ಕೆಳಗೆ ರಬ್ಬರ್ ಮ್ಯಾಟ್ ಹಾಕಿಕೊಟ್ಟೆ. ಬಲೆಯದೇನೂ ತೊಂದರೆ ಇಲ್ಲ, ಮ್ಯಾಟಿನದೇ ಮೋಸ. ಬಾಲಿನ ಹಿಂದೆ ಒಂದಿಂಚು ಬಡಿದರೂ ಕ್ಲಬ್ ಮ್ಯಾಟಿನ ಮೇಲೆ ಜಾರಿ ಬಾಲಿಗೆ ತಾಗುತ್ತದೆ, ಶಬ್ದವೂ ಚೆನ್ನಾಗಿಯೇ ಬರುತ್ತದೆ. ಅದೇ ಏಟು ಮಳೆ ಕುಡಿದ ನೆಲದಲ್ಲಾದರೆ ಕ್ಲಬ್ ಹೂತುಹೋಗುತ್ತದೆ. ಮನೆಯಲ್ಲಿ ಚಂದ, ಕೋರ್ಸಿನಲ್ಲಿ ಕೆಟ್ಟದು ಆಗುತ್ತಿದ್ದುದಕ್ಕೆ ನಿನ್ನ ಹೆದರಿಕೆಯೇ ಕಾರಣ ಅಂದುಕೊಂಡಿದ್ದೆ.

ಸುಳ್ಳು ಹೇಳದ ನೆಲ ಅಂದರೆ ನಮ್ಮ ಟ್ಯಾಗೋರ್ ಬೀಚಿನದು. ಇಳಿತದ ಹೊತ್ತಿನಲ್ಲಿ, ಹೆಜ್ಜೆ ಊರಿದರೆ ಗುರುತು ಮೂಡಬೇಕು, ಕಾಲು ಹೂಳಬಾರದು, ಅಂಥ ಗಟ್ಟಿ ಮರಳು ನೋಡಿ ಕೊಡೆಯ ತುದಿಯಿಂದ ಹತ್ತಡಿ ಉದ್ದದ ಗೆರೆ ಎಳೆಯುತ್ತಿದ್ದೆಯಲ್ಲ. ಗೆರೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಬಾಲ್ ಇಲ್ಲದೆ, ಒಂದೊಂದೇ ಹೆಜ್ಜೆ ಸರಿಯುತ್ತಾ ಹತ್ತು ಸ್ವಿಂಗ್. ಕ್ಲಬ್ ಮರಳು ಕಡಿದ ಗುರುತು ಗೆರೆಯ ಮೇಲೆ ಶುರುವಾಗಿ ಗುರಿಯ ಕಡೆಗೆ ಹೋಗಬೇಕು. ಹಿಂದೆ ಶುರುವಾದರೆ ಅದೇ ಫ್ಯಾಟ್. ಕಳೆದ ತಿಂಗಳು ಒಂದು ಸಂಜೆ ಹತ್ತರಲ್ಲಿ ಎಂಟು ಗುರುತು ಗೆರೆಯ ಮುಂದೆ ಬಿದ್ದಿದ್ದವು. ನಾನು ನೋಡಿ ಸುಮ್ಮನಿದ್ದೆ, ಉಳಿದ ಎರಡರ ಬಗ್ಗೆ ಮಾತ್ರ ಮಾತಾಡಿದೆ. ಅದೊಂದು ನನ್ನ ಕೆಟ್ಟ ಚಾಳಿ.

ಬೆಂಗಳೂರಿನಲ್ಲಿ ಬೀಚ್ ಇಲ್ಲ, ಬಂಕರ್ ಇದೆ. ಅಭ್ಯಾಸದ ಬಂಕರಿನಲ್ಲಿ ಅದೇ ಗೆರೆ ಎಳೆ, ಮುಗಿದ ಮೇಲೆ ರೇಕ್ ಮಾಡು. ಹುಲ್ಲಿನ ಮೇಲಾದರೆ ಬಾಲಿನ ಹಿಂದೆ ನಾಲ್ಕು ಇಂಚು ಬಿಟ್ಟು ಮಡಚಿದ ಟವೆಲ್ ಇಡು. ಟವೆಲ್ ಹಾರಿದರೆ ಭಾರ ಹಿಂದೆ ಉಳಿದಿದೆ ಎಂದೇ ಲೆಕ್ಕ. ಏಟು ತಾಗುವ ಕ್ಷಣಕ್ಕೆ ನೂರರಲ್ಲಿ 75 ಪಾಲಾದರೂ ಭಾರ ಎಡಗಾಲಿಗೆ ಬಂದಿರಬೇಕು. ದೂರಕ್ಕೆ ಹೊಡೆಯುವ ಡ್ರೈವರ್ ಕ್ಲಬ್ ಹಿಡಿದಾಗ ಇದನ್ನೆಲ್ಲ ಮರೆ. ಅಲ್ಲಿ ಬಾಲ್ ಎಡ ಹಿಮ್ಮಡಿಯ ನೇರಕ್ಕೆ, ಟೀ ಮೇಲೆ ಇರುತ್ತದೆ. ತಳ ಬಾಲಿಗಿಂತ ಹಿಂದೆಯೇ ಇರಬೇಕು, ಕ್ಲಬ್ ಮೇಲೇರುತ್ತಾ ತಾಗಬೇಕು.

ಇನ್ನು ಕ್ಲಬ್ಬಿನ ಮುಖದ ಯಾವ ಜಾಗಕ್ಕೆ ಬಾಲ್ ತಾಗಿತು ಎಂಬುದು. ಕ್ಲಬ್ಬಿನ ಮುಖಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಸವರು, ಬಾಲಿನ ಗುರುತು ಅಚ್ಚಾಗಿ ಮೂಡುತ್ತದೆ. ಐದು ಏಟಿಗೊಮ್ಮೆ ಒರೆಸಿ ಮತ್ತೆ ಹಚ್ಚು. ಗುರುತು ಹೀಲಿನ ಕಡೆ, ಅಂದರೆ ಶಾಫ್ಟಿಗೆ ಹತ್ತಿರದ ಬದಿಗೆ, ಗುಂಪಾದರೆ ಭಾರ ಕಾಲ್ಬೆರಳಿಗೆ ಬರುತ್ತಿದೆ ಅಥವಾ ತೀರಾ ಹತ್ತಿರ ನಿಂತಿದ್ದೀ. ಅದನ್ನು ತಿದ್ದದೆ ಬಿಟ್ಟರೆ ಮುಂದಿನದು ಶ್ಯಾಂಕ್, ಕ್ಲಬ್ಬಿನ ಕುತ್ತಿಗೆಗೆ ತಾಗಿ ಬಾಲ್ ಬದಿಗೆ ಹಾರುವುದು. ಟೋ ಕಡೆ, ಅಂದರೆ ತುದಿಯ ಬದಿಗೆ ಆದರೆ ಭಾರ ಹಿಮ್ಮಡಿಗೆ ಜಾರುತ್ತಿದೆ ಅಥವಾ ಕೈ ಒಳಗೆ ಎಳೆದುಕೊಳ್ಳುತ್ತಿದ್ದೀ. ಗುರುತು ನೋಡದೆ ಇನ್ನೂರು ಬಾಲ್ ಹೊಡೆಯುವ ಬದಲು ನೋಡಿಕೊಂಡು ಐವತ್ತು ಹೊಡೆ. ಹಿಡಿತದ ಬಿಗಿ ಹತ್ತಕ್ಕೆ ನಾಲ್ಕು, ಹೆಚ್ಚೆಂದರೆ ಐದು. ಬಿಗಿ ಹಿಡಿದರೆ ಮಣಿಕಟ್ಟು ಸತ್ತುಹೋಗುತ್ತದೆ.

ಪಾಠ ಶುರುವಾಯಿತು ಅನ್ನುತ್ತೀಯ. ಹೌದು. ಇನ್ನೊಂದೇ ಒಂದು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಅದೇ 7 ಐರನ್ ಅಲ್ಲಿ ನಾಲ್ಕೈದು ಗಜ ಹೆಚ್ಚು ಹೋಗುತ್ತದೆ. ಅದನ್ನು ನೋಡಿ ಏಟು ಸುಧಾರಿಸಿತು ಎಂದುಕೊಳ್ಳಬೇಡ. ದೂರ ನೋಡಬೇಡ, ಪೌಡರಿನ ಗುರುತು ನೋಡು.

2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಗಾಲ್ಫಿನಲ್ಲಿ ನಮ್ಮ ಅದಿತಿ ಅಶೋಕ್ ಒಂದೇ ಸ್ಟ್ರೋಕಿಗೆ ಕಂಚು ತಪ್ಪಿ ನಾಲ್ಕನೆಯವರಾದಾಗ ಬ್ಯಾಗ್ ಹೊತ್ತವರು ಅವರ ಅಮ್ಮ. ಅದನ್ನು ಟಿವಿಯಲ್ಲಿ ನೋಡಿ, ಮುಂದೊಂದು ದಿನ ನಿನ್ನ ಬ್ಯಾಗ್ ನಾನು ಹೊರಬೇಕು ಅಂದಿದ್ದೆ, ನೀನು ನಕ್ಕಿದ್ದೆ. ಈಗ ಹೊರುವವರು ಬೇರೆ ಯಾರಾದರೂ ಆಗಲಿ. 14ನೇ ಹೋಲು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಬಾಲ್ ಉರುಳಿದ್ದಲ್ಲ, ನೀನು ತಿರುಗಿ ನೋಡದೆ ಹೋಗಿ ಬಂಕರಿಗೆ ಇಳಿದದ್ದು. ಅಲ್ಲಿಂದ ಹೊರಗೆ ತೆಗೆದ ಆ ಏಟು ಎಷ್ಟು ಚೆನ್ನಾಗಿತ್ತು ಎಂದು ಆವತ್ತೂ ಹೇಳಲಿಲ್ಲ, ನಿನ್ನೆಯೂ ಹೇಳಲಿಲ್ಲ. ಬಾಲ್ ಕಪ್ಪಿನಿಂದ ನಾಲ್ಕಡಿಯೊಳಗೆ ನಿಂತಿತ್ತು.

ಬೀಚಿಗೆ ಒಯ್ಯುತ್ತಿದ್ದ ಹಳೆ 7 ಐರನ್ ಇಲ್ಲೇ ಉಳಿಸಿಕೊಂಡಿದ್ದೇನೆ. ಉಪ್ಪುನೀರು ತಾಗಿ ಶಾಫ್ಟಿಗೆ ತುಕ್ಕು ಹಿಡಿದಿದೆ. ಹೊಸ ಸೆಟ್ಟಿನ ಗ್ರಿಪ್‌ಗಳನ್ನು ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು ಹಾಕಿ ತೊಳೆದು ಒಣಗಿಸಿಟ್ಟಿದ್ದೇನೆ, ತಿಂಗಳಿಗೊಮ್ಮೆ ನೀನೂ ಹಾಗೆ ಮಾಡು. ಪೌಡರ್ ಡಬ್ಬಿ ಇದೇ ಜೇಬಿನಲ್ಲಿದೆ. ಅದು ಆಯಿಯದು, ಅವಳಿಗೆ ಹೇಳಿಲ್ಲ.

ಅಪ್ಪ